ತಿರ್ಛಾ ಬಜಾರಿನ ಬೋರ್ಡುಗಳು

ಡಿಸೆಂಬರ್ 2, ಮಂಗಳವಾರ

ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತೇನೆ, ಯಾಕೆಂದರೆ ಕಲಬುರಗಿಯ ನಮ್ಮ ಗಾಜಿಪುರದಲ್ಲಿ ಆಗಲೇ ಮನೆಗೊಬ್ಬ ಡಾಕ್ಟರು ಹುಟ್ಟಿಕೊಂಡಿದ್ದಾರೆ. ಇದು ಲಕ್ವಾ, ಅಂದರೆ ಪಾರ್ಶ್ವವಾಯು, ಅಲ್ಲ. ಮೆದುಳಿಗೆ ಏನೂ ಆಗಿಲ್ಲ. ಮುಖದ ಎಡಭಾಗದ ನರ ಬಾತುಕೊಂಡಿದೆ, ಅಷ್ಟೇ. ಮಾತ್ರೆ, ಕಣ್ಣಿಗೆ ಹನಿ, ಸೇಡಂ ರಸ್ತೆಯಲ್ಲಿ ಫಿಸಿಯೋಥೆರಪಿ. ಬಹಳ ಜನರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನನಗೆ ಎಷ್ಟು ದಿನ ಎಂದು ಕೇಳಿದೆ. "ಅದು ಹೇಳ್ಲಿಕ್ಕ ಬರಂಗಿಲ್ರಿ" ಎಂದು ಮುಂದಿನ ರೋಗಿಯನ್ನು ಕರೆದರು.

ನಿನ್ನೆ ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ಸೋರಿ ಬನಿಯನ್ ಮೇಲೆ ಬಿತ್ತು. ಕನ್ನಡಿ ನೋಡಿದರೆ ಅರ್ಧ ಮುಖ ನನ್ನ ಮಾತು ಕೇಳುತ್ತಿತ್ತು, ಇನ್ನರ್ಧ ರಜೆ ಹಾಕಿತ್ತು. ಹೆಂಡತಿ ರಮಾಬಾಯಿ ನೋಡಿದವಳೇ ಅಳಲು ಶುರು ಮಾಡಿದಳು. ಅಳಬ್ಯಾಡ ಎನ್ನಲು ಹೋದೆ. ನಡುವಿನ ಅಕ್ಷರ ಬರಲಿಲ್ಲ, ಬರೀ ಗಾಳಿ ಬಂತು. ಅವಳು ಇನ್ನೂ ಜೋರಾಗಿ ಅತ್ತಳು.

ಮುಖದ ಚಿಂತೆ ನನಗಿಲ್ಲ. ಐವತ್ತಾರರ ಮುಖವನ್ನು ಯಾರು ನೋಡಬೇಕು? ಕಾಲೇಜಿನ ಆಫೀಸಿನಲ್ಲಿ ಫೈಲು ದಾಟಿಸಲು ತುಟಿ ಬೇಕಾಗಿಲ್ಲ. ಆದರೆ ಭಾನುವಾರ ಬಂತೆಂದರೆ ನಮ್ಮ ಬೌದ್ಧ ಸಮಾಜದ ಮದುವೆಗಳನ್ನು ಮಾಡಿಸುತ್ತ ಬಂದವನು ನಾನು. ನಾನು ತ್ರಿಸರಣ, ಪಂಚಶೀಲ ಹೇಳುತ್ತೇನೆ, ಮದುಮಕ್ಕಳೂ ಸಭೆಯೂ ನನ್ನ ಹಿಂದೆ ಹೇಳುತ್ತಾರೆ. ಸಾವಿನ ಮನೆಯಲ್ಲೂ ಅದನ್ನೇ ಹೇಳುತ್ತೇವೆ. ಹೋಮ ಇಲ್ಲ, ಮುಹೂರ್ತ ಇಲ್ಲ. ಬಾಯಿಂದ ಬಂದ ಮಾತೇ ನಮ್ಮಲ್ಲಿ ಮದುವೆ. ಜನವರಿ ಹನ್ನೊಂದಕ್ಕೆ ಕಮಲಾಪುರದಲ್ಲಿ ನನ್ನ ಮಗಳು ಪಂಚಶೀಲಾಳ ಮದುವೆ ಇದೆ. ಅದನ್ನು ನಾನೇ ಮಾಡಿಸುತ್ತೇನೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಎಲ್ಲರ ಮುಂದೆ ಹೇಳಿದ್ದೆ. ಎರಡು ತುಟಿ ಕೂಡದೆ ಬುದ್ಧ ಎನ್ನಲು ಬರುವುದಿಲ್ಲ, ಧಮ್ಮ ಎನ್ನಲೂ ಬರುವುದಿಲ್ಲ. ಹಾಗಾದರೆ ಕೂಡಿಸಬೇಕು. ಕೂಡಿಸುತ್ತೇನೆ.

ಡಿಸೆಂಬರ್ 4, ಗುರುವಾರ

ಫಿಸಿಯೋ ಮೇಡಂ ನನ್ನ ಮಗಳಿಗಿಂತ ಚಿಕ್ಕವರು, ಮಾತಾಡುವುದು ಮಾತ್ರ ಹೆಡ್‌ಮಾಸ್ತರ ಹಾಗೆ. ಹುಬ್ಬು ಏರಿಸಿ, ಕೆನ್ನೆ ಉಬ್ಬಿಸಿ, ಸೀಟಿ ಹೊಡೀರಿ ಎಂದರು. ಯಾವುದೂ ಆಗಲಿಲ್ಲ. "ಪ, ಬ, ಮ ಇರೋ ಮಾತು ದಿನಾ ಜೋರಾಗಿ ಓದ್ರಿ ಸರ್. ಸಾವಕಾಶ ಓದ್ರಿ. ಗಡಬಡ ಮಾಡಿದ್ರ ಚಲೋ ಇದ್ದ ಕಡೀನೇ ಎಲ್ಲ ಎಳಕೋತದ."

ಸಾವಕಾಶ ಎಂದರೆ ನನಗೆ ಮೊದಲಿನಿಂದಲೂ ಆಗದು. ನಾನು ಹೇಳಲು ನಿಂತರೆ ಉಸಿರು ಬಿಡದೆ ಒಂದೇ ಓಟದಲ್ಲಿ ಹೇಳುತ್ತೇನೆ. ಜನ ಬೆರಗಾಗುವುದೇ ಅದಕ್ಕೆ.

ಮನೆಯಲ್ಲಿ ಪೇಪರ್ ಹಿಡಿದು ಓದತೊಡಗಿದೆ. ರಮಾಬಾಯಿ ಎದುರಿಗೆ ಕೂತು, ನಾನು ಒಂದೊಂದು ಅಕ್ಷರಕ್ಕೆ ತಿಣುಕಿದಾಗಲೂ ತಾನೇ ತುಟಿ ಬಿಗಿದುಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು, ಪೇಪರ್ ಮಡಿಚಿಟ್ಟೆ. ನಾಳೆಯಿಂದ ಆಸ್ಪತ್ರೆಗೆ ಆಟೋ ಬೇಡ. ತಿರ್ಛಾ ಬಜಾರಿನಲ್ಲಿ ನಡೆದುಕೊಂಡು ಹೋಗುತ್ತೇನೆ, ಅಲ್ಲಿಯ ಬೋರ್ಡುಗಳನ್ನು ಓದುತ್ತೇನೆ. ಈ ಚಳಿಯಲ್ಲಿ ಊರಿಗೆ ಊರೇ ಮಫ್ಲರ್ ಸುತ್ತಿಕೊಂಡಿದೆ. ನನ್ನ ಬಾಯಿ ಯಾರಿಗೂ ಕಾಣುವುದಿಲ್ಲ.

ಡಿಸೆಂಬರ್ 5, ಶುಕ್ರವಾರ

ನಮ್ಮ ಕಡೆ ಉಳಿದ ಗಲ್ಲಿಗಳೆಲ್ಲ ನೆಟ್ಟಗಿವೆ. ಈ ಒಂದು ಬೀದಿ ಮಾತ್ರ, ತಿರ್ಛಾ ಎಂಬ ಹೆಸರಿಗೆ ತಕ್ಕ ಹಾಗೆ, ಮೊಹಲ್ಲಾವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕೊಯ್ದುಕೊಂಡು ಹೋಗುತ್ತದೆ. ಬೀದಿ ಓರೆ, ಕಟ್ಟಡಗಳು ನೆಟ್ಟಗೆ. ಹಾಗಾಗಿ ಒಂದೊಂದು ಅಂಗಡಿಯೂ ಪಕ್ಕದ್ದಕ್ಕಿಂತ ಒಂದು ಮೊಳ ಮುಂದೆ ಚಾಚಿಕೊಂಡಿದೆ, ನಡೆಯುವವನಿಗೆ ಬೋರ್ಡುಗಳು ಒಂದರ ಹಿಂದೊಂದು ಎದುರಿಗೇ ಬರುತ್ತವೆ. ಓದುವವನಿಗೆಂದೇ ಕಟ್ಟಿದ ಹಾಗಿದೆ. ಇಷ್ಟು ವರ್ಷ ಸ್ಕೂಟರಿನಲ್ಲಿ ಹೋಗಿ ಇದನ್ನು ನೋಡಿಯೇ ಇರಲಿಲ್ಲ.

ಭವಾನಿ ಭಾಂಡೆ ಭಂಡಾರ. ಪದ್ಮಾ ಫ್ಯಾನ್ಸಿ. ಮದೀನಾ ಬೇಕರಿ. ಮೊದಲನೆಯದೇ ನನ್ನನ್ನು ಕೆಡವಿತು. ಮೂರು ಭ, ಮೂರೂ ಗಾಳಿಯಲ್ಲಿ ಹೋದವು. ಆ ಪಾತ್ರೆ ಅಂಗಡಿಯವನು ನನಗೆಂದೇ ಹೆಸರಿಟ್ಟನೋ ಏನೋ. ಹೋಗುವಾಗ ಒಂದು ಮಗ್ಗುಲಿನವನ್ನು, ಬರುವಾಗ ಇನ್ನೊಂದು ಮಗ್ಗುಲಿನವನ್ನು ಓದಿದೆ. ಒಂದೂ ಸರಿಯಾಗಿ ಬರಲಿಲ್ಲ. ನಾಳೆ ಮತ್ತೆ.

ಡಿಸೆಂಬರ್ 6, ಶನಿವಾರ

ಮಹಾಪರಿನಿರ್ವಾಣ ದಿನ. ನಮ್ಮ ಸಮಾಜದ ಸಭೆಯಲ್ಲಿ ಬಾಬಾಸಾಹೇಬರ ಫೋಟೊಕ್ಕೆ ಹೂವಿಟ್ಟು ಹಿಂದಿನ ಸಾಲಿನಲ್ಲಿ ಕೂತೆ. ನನ್ನ ಬದಲಿಗೆ ಗೌತಮ ವಂದನೆ ಹೇಳಿಸಿದ. ಇಪ್ಪತ್ತೆಂಟರ ಹುಡುಗ, ನನ್ನಿಂದಲೇ ಕಲಿತವನು. ಒಂದು ಅಕ್ಷರವೂ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿರುತ್ತಿತ್ತು.

ಡಿಸೆಂಬರ್ 10, ಬುಧವಾರ

ಇವತ್ತು ನಡೆದದ್ದು ಬರೆಯಲು ನಾಚಿಕೆ, ಬರೆಯದಿದ್ದರೆ ನಿದ್ದೆ ಬಾರದು.

ತಿರ್ಛಾ ಬಜಾರಿನ ನಡುವಿನಲ್ಲಿ ಫಾಲ್, ಪೀಕೋ, ಬ್ಲೌಸ್ ಹೊಲಿಯುವ ಒಂದು ಅಂಗಡಿ ಇದೆ. ಬೋರ್ಡು ಇಂಗ್ಲಿಷು ಮತ್ತು ಉರ್ದುವಿನಲ್ಲಿ. ಬುಶ್ರಾ ಫಾಲ್ ಪೀಕೋ ಎಂದು ನಾಲ್ಕು ಸಲ ಹೇಳಿ ಅಲ್ಲೇ ನಿಂತಿದ್ದೆ. ಒಳಗಿಂದ ಒಬ್ಬ ಹೆಣ್ಣುಮಗಳು ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದಳು. ನಲವತ್ತರ ಮೇಲಿರಬೇಕು.

"ಸಾಬ್, ಒಳಗ ಬರ್ರಿ, ಚಹಾ ಕುಡೀರಿ. ಬೋರ್ಡ್ ಮುಂದಿನ ವಾರ ಕನ್ನಡದಾಗ ಆಗ್ತದ್ರಿ. ಪೇಂಟರ್‌ಗ ಹೇಳೀನಿ. ಅಂವ ಇವತ್ತ ನಾಳಿ ಅನ್ಲಕತ್ಯಾನ."

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಬೋರ್ಡಿನಲ್ಲಿ ಹೆಚ್ಚಿನ ಪಾಲು ಕನ್ನಡವೇ ಇರಬೇಕೆಂಬ ಕಾನೂನು ಬಂದಿದೆಯಲ್ಲ, ಇಲ್ಲದಿದ್ದರೆ ದಂಡ. ದಿನಾ ಮಫ್ಲರ್ ಸುತ್ತಿಕೊಂಡು ಒಂದೊಂದು ಬೋರ್ಡಿನ ಮುಂದೂ ನಿಂತು ಏನೋ ಗೊಣಗುವ ನನ್ನನ್ನು ಇಡೀ ಬಜಾರು ಪಾಲಿಕೆಯವನೆಂದು ತಿಳಿದುಕೊಂಡಿದೆ. ಭಾಂಡೆ ಅಂಗಡಿಯವನು ಮೊನ್ನೆಯಿಂದ ನನಗೆ ಯಾಕೆ ನಮಸ್ಕಾರ ಮಾಡುತ್ತಿದ್ದ ಎಂದು ಈಗ ಗೊತ್ತಾಯಿತು. ನಾನು ಅದನ್ನು ಗೌರವ ಎಂದುಕೊಂಡಿದ್ದೆ.

ಪಾಲಿಕೆಯವನಲ್ಲ ಎಂದು ಹೇಳಬೇಕಲ್ಲ, ಆ ಮಾತು ಶುರುವಾಗುವುದೇ ಪ ದಿಂದ. ಬರಲಿಲ್ಲ. ಕೊನೆಗೆ ಮಫ್ಲರ್ ಕೆಳಗೆಳೆದು ಮುಖ ತೋರಿಸಿದೆ. ಬುಶ್ರಾ ಒಂದು ಗಳಿಗೆ ನೋಡಿದಳು. ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ.

"ಹಂಗಾರ ಫೈನ್ ಇಲ್ಲ ಅಂದಂಗಾಯ್ತು" ಎಂದಳು. "ಕೂಡ್ರಿ. ಚಹಾ ಹೇಳಿಬಿಟ್ಟೀನಿ."

ಚಹಾ ಅರ್ಧ ಗಂಟಲಿಗೆ ಹೋಯಿತು, ಅರ್ಧ ಮಫ್ಲರಿಗೆ.

ಡಿಸೆಂಬರ್ 14, ಭಾನುವಾರ

ಕಮಲಾಪುರಕ್ಕೆ ಹೋಗಿ ಹಾಲ್ ನೋಡಿಕೊಂಡು ಬಂದೆವು. ದಾರಿಯಲ್ಲಿ ಮಹಾಗಾಂವದಲ್ಲಿ ಇಳಿದು ನನ್ನ ಸೋದರತ್ತೆ ಗುಂಡಮ್ಮನಿಗೆ ಮದುವೆಯ ಕರೆ ಹೇಳಿದೆವು. ಎಂಬತ್ತು ದಾಟಿದೆ, ಬಾಯಲ್ಲಿ ಹಲ್ಲಿಲ್ಲ. ನಾನು ಮಾಡಿಸಿದ ಮದುವೆ ಒಂದನ್ನೂ ಬಿಟ್ಟವಳಲ್ಲ, ಯಾವಾಗಲೂ ಮುಂದಿನ ಸಾಲಿನಲ್ಲೇ ಕೂಡುತ್ತಾಳೆ. ನನ್ನ ಕೆನ್ನೆ ಹಿಡಿದು ನೋಡಿ "ಹೋಗ್ತದ ಬಿಡು" ಎಂದು ತೊಗರಿಕಾಯಿ ಸುಲಿಯುವುದಕ್ಕೆ ಕೂತಳು.

ಬೀಗರು ಮಾಪಣ್ಣ ಒಳ್ಳೆಯವರು. ಸ್ವಂತ ತೋಟದ ಕೆಂಪು ಬಾಳೆ ಗೊನೆ ಮುಂದಿಟ್ಟರು, ಮೆತ್ತಗಿನ ಹಣ್ಣು ನೋಡಿ ಆರಿಸಿ ಕೊಟ್ಟರು. ಆಮೇಲೆ ಅತ್ತಿತ್ತ ನೋಡಿ ವಿಷಯಕ್ಕೆ ಬಂದರು.

"ಬೀಗರ, ನೀವು ಹುಡುಗಿ ತಂದಿ ಅದೀರಿ. ಆ ದಿನ ಆರಾಮ ಕೂಡ್ರಿ. ಗೌತಮಗ ಹೇಳಿದ್ರ ಅಂವ ಬಂದು ಹೇಳಸ್ತಾನ. ನಮ್ಮ ಕಡೀ ಮಂದಿ ಭಾಳ ಬರೋರದಾರ."

ಕಡೆಯ ಮಾತು ನೇರ ಎದೆಗೆ ಬಂತು. ಭಾಳ ಮಂದಿ ಬರುವವರಿದ್ದಾರೆ, ಅವರ ಮುಂದೆ ಈ ಬಾಯಿ ಬೇಡ ಎಂದು ಅರ್ಥ. "ಇನ್ನೂ ಹೊತ್ತದ, ನೋಡೋಣ್ರಿ" ಎಂದೆ. ರಮಾಬಾಯಿ ನೆಲ ನೋಡುತ್ತಿದ್ದಳು. ಬಸ್ಸಿನಲ್ಲಿ ಅವಳೂ ಅದನ್ನೇ ಹೇಳಿದಳು. ಕಲಬುರಗಿ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಡಿಸೆಂಬರ್ 15, ಸೋಮವಾರ

ಬಜಾರನ್ನು ಎರಡು ಸಲ ಸುತ್ತಿದೆ. ಆಗುವುದಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಹೇಳುವುದಾದರೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುವುದಿಲ್ಲ.

ಡಿಸೆಂಬರ್ 22, ಸೋಮವಾರ

ಮದುಮಗಳ ಬಿಳಿ ಸೀರೆಯ ಫಾಲ್, ಬ್ಲೌಸ್ ಎರಡನ್ನೂ ಬುಶ್ರಾಗೇ ಕೊಟ್ಟೆ. ಪಂಚಶೀಲಾ ಆಸ್ಪತ್ರೆಯಲ್ಲಿ ನರ್ಸು, ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಅಳತೆ ಕೊಡಲು ಅಲ್ಲಿಗೇ ಬರಹೇಳಿದ್ದೆ. ಅವಳು ಬರುವವರೆಗೆ ಬುಶ್ರಾ ನನಗೆ ಪಾಠ ಹೇಳಿದಳು.

"ಅಣ್ಣಾರ, ಬಾಯಿ ಮ್ಯಾಲ ರಜಾಯಿ ಹೊಚ್ಚಿ ಓದಿದ್ರ ಯಾರಿಗಿ ಕೇಳ್ತದ? ತೆಗೀರಿ. ಇಲ್ಲಿ ಯಾರದಾರ ನೋಡ್ಲಿಕ್ಕ, ನಾ ಒಬ್ಬಕಿ, ಈ ಮಶಿನ್ ಒಂದು."

ತೆಗೆದೆ. ಅವಳು ಮಶಿನ್ ತುಳಿಯುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ನಾನು ಪದ್ಮಾ, ಮದೀನಾ, ಭವಾನಿ ಎಂದು ಬಜಾರನ್ನೆಲ್ಲ ಒಪ್ಪಿಸಿದೆ. ಮ ಬಂತು. ಪೂರ್ತಿ ಅಲ್ಲ, ಆದರೆ ಮ ಎಂದು ಯಾರಿಗಾದರೂ ತಿಳಿಯುವಷ್ಟು ಬಂತು. ಮಶಿನ್ ನಿಂತಿತು.

"ಇದು ಸಮಜಾತು ನೋಡ್ರಿ" ಎಂದಳು. "ಆದ್ರ ಭಾಳ ಓಡ್ತೀರಿ. ನಾ ಸೂಜಿ ಓಡಿಸಿದಂಗ ಓಡ್ತೀರಿ. ದಾರ ಹರಿತದ."

ಅವಳ ಹೊಸ ಬೋರ್ಡಿಗೆ ಕನ್ನಡದಲ್ಲಿ ಏನು ಬರೆಸಬೇಕೆಂದು ಕೇಳಿದಳು. ಬರೆದುಕೊಟ್ಟೆ. ಪೇಂಟರನಿಗೆ ಫೋನ್ ಮಾಡಿ, ಅಕ್ಷರ ಒತ್ತೊತ್ತಾಗಿ ಬರೆದರೆ ನೋಡು ಎಂದು ನಾನೇ ಗದರಿಸಿದೆ. ಅವನಿಗೆ ನನ್ನ ಮಾತು ತಿಳಿಯಿತು. ಅಂದರೆ ಫೋನಿನಲ್ಲೂ ತಿಳಿಯಿತು.

ಪಂಚಶೀಲಾ ಬಂದವಳು ಬಜಾರಿನಲ್ಲಿ ಮಫ್ಲರ್ ಇಲ್ಲದ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಒಳಗೆ ಬಂದು ಅಳತೆ ಕೊಟ್ಟಳು. ಮನೆಗೆ ಬರುವಾಗ ನನ್ನ ಪಕ್ಕದಲ್ಲೇ ನಡೆದಳು. "ಅಪ್ಪಾ, ನೀ ಹೇಳಸ್ತಿ ಅಂದ್ರ ನೀನೇ ಹೇಳಸು. ಇಲ್ಲ ಅಂದ್ರ ಇಲ್ಲ. ಆದ್ರ ನನ್ನ ಸಲುವಾಗಿ ಹಟ ಹಿಡದು ಬ್ಯಾನಿ ಹೆಚ್ಚು ಮಾಡ್ಕೋಬ್ಯಾಡ" ಎಂದಳು. ನಿನ್ನ ಸಲುವಾಗಿ ಅಲ್ಲ ಎನ್ನಬೇಕೆಂದಿದ್ದೆ. ಸುಳ್ಳಾಗುತ್ತಿತ್ತು.

ಡಿಸೆಂಬರ್ 31, ಬುಧವಾರ

ಎಡಗಣ್ಣು ಮುಕ್ಕಾಲು ಮುಚ್ಚುತ್ತದೆ. ಪ ಬಂತು. ಬ, ಭ ಇನ್ನೂ ಮೊಂಡು ಹಿಡಿದಿವೆ. ಮೇಡಂ ಎಡ ಬಾಯಿಯ ಮೂಲೆಗೆ ಬೆರಳು ಒತ್ತಿಕೊಂಡು ಹೇಳಲು ಕಲಿಸಿದ್ದಾರೆ. ಒತ್ತಿದರೆ ಬರುತ್ತದೆ. ಆದರೆ ಮದುವೆಯ ಮಂಟಪದಲ್ಲಿ ಹಲ್ಲುನೋವು ಬಂದವನ ಹಾಗೆ ನಿಲ್ಲುವುದು ಹೇಗೆ?

ಜನವರಿ 3, ಶನಿವಾರ

ಗೌತಮ ತಾನಾಗಿ ಮನೆಗೆ ಬಂದ. ಬೀಗರು ಅವನಿಗೆ ಫೋನ್ ಮಾಡಿದ್ದಾರೆ. "ಸರ್, ನಿಮ್ಮನ್ನ ಕೇಳದ ನಾ ಹೂಂ ಅನ್ನಂಗಿಲ್ಲ" ಎಂದ. ಹುಡುಗ ಅಷ್ಟು ಕೆಟ್ಟವನೇನಲ್ಲ.

ಅವನ ಮುಂದೆ ಪೂರ್ತಿ ಹೇಳಿ ತೋರಿಸಲು ಹೋದೆ, ನನ್ನ ಹಳೆಯ ಓಟದಲ್ಲೇ. ಎರಡನೆಯ ಸಾಲಿಗೆ ತುಟಿ ಸೋತಿತು. ಮೂರನೆಯ ಸಾಲು ಬರೀ ಗಾಳಿ, ಉಗುಳು. ಅವನು ತಲೆ ತಗ್ಗಿಸಿದ. ರಮಾಬಾಯಿ ಒಳಗೆ ಹೋದಳು. ನನಗೆ ಅಳು ಬಂತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳೆದುರು ಅತ್ತಿಲ್ಲ, ಅವಳು ಒಳಗೆ ಹೋಗಿದ್ದೇ ಒಳ್ಳೆಯದಾಯಿತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರು ಮಾಡಿದೆ. ಬೆರಳು ಒತ್ತಿ, ಒಂದು ಸಾಲನ್ನು ಎರಡು ಮೂರು ತುಂಡು ಮಾಡಿ, ಪ್ರತಿ ತುಂಡಿಗೂ ನಿಂತು. ಹಾಗೆ ಹೇಳಿದರೆ ಕೊನೆಯವರೆಗೂ ಬರುತ್ತದೆ. ಸಣ್ಣ ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟ ಹಾಗೆ ಕೇಳಿಸುತ್ತದೆ, ಕೇಳಿಸಲಿ. ನನ್ನ ಹೆಸರು ಹೋದರೂ ಸರಿ, ಮಾತು ಬಿಡುವುದಿಲ್ಲ. ಗೌತಮ ನನ್ನ ಹಿಂದೆ ನಿಲ್ಲಬೇಕು, ನನ್ನ ಕೈಲಿ ಪೂರ್ತಿ ಆಗದಿದ್ದರೆ ಮೈಕು ತೆಗೆದುಕೊಳ್ಳಬೇಕು ಎಂದು ಮಾತಾಯಿತು. ಬೀಗರಿಗೆ ಅವನೇ ಫೋನ್ ಮಾಡಿ ಹೇಳಿದ. ಅವರು ಹ್ಞೂಂ ಎಂದರಂತೆ, ಖುಷಿಯಿಂದ ಅಲ್ಲ.

ಜನವರಿ 8, ಗುರುವಾರ

ಇವತ್ತಿನ ಗಾಳಿ ಮಫ್ಲರ್ ಇಲ್ಲದ ಎರಡೂ ಕೆನ್ನೆಗೆ ಕಚ್ಚಿತು, ಆದರೆ ಬಜಾರು ಚೆನ್ನಾಗಿತ್ತು. ರಜಾಯಿ ಅಂಗಡಿಯವನು ಹತ್ತಿ ಹಿಂಜುತ್ತಿದ್ದ, ಬೀದಿಯ ಮೇಲೆಲ್ಲ ಬಿಳಿ ಎಳೆ ಹಾರುತ್ತಿತ್ತು. ಜೋಳದ ಎಳೆ ತೆನೆಯ ಸೀತನಿ ಬಂದಿದೆ. ಹುರಿಯುವ ಹೆಂಗಸು ಒಂದು ಮುಷ್ಟಿ ಕೈಗೆ ಹಾಕಿ ತಿಂದು ನೋಡಿ ಎಂದಳು. ಭಾಂಡೆ ಅಂಗಡಿಯವನು ತನ್ನ ಮಗನ ಪರೀಕ್ಷೆಯ ಬಗ್ಗೆ ಕೇಳಿದ. ಯಾವ ಕಾಲೇಜು, ಯಾವಾಗ ಅರ್ಜಿ ಎಂದು ನಿಂತು ಹೇಳಿದೆ. ನಾನು ಪಾಲಿಕೆಯವನಲ್ಲವೆಂದು ಗೊತ್ತಾದ ಮೇಲೂ ನಮಸ್ಕಾರ ನಿಲ್ಲಿಸಿಲ್ಲ. ಮದೀನಾ ಬೇಕರಿಯ ಮುದುಕ ನನ್ನ ಮಾತಿಗೆ ಕಿವಿಗೆ ಕೈ ಹಿಡಿದ. ಅವನಿಗೆ ಕಿವಿಯೇ ಕೇಳುವುದಿಲ್ಲವಂತೆ, ಅವನಿಗಾಗಿ ಎರಡು ಸಲ ನಿಧಾನವಾಗಿ ಹೇಳಿದೆ.

ಬುಶ್ರಾ ಸೀರೆ ಮಡಿಚಿ ಕೊಟ್ಟಳು. ಹೊಸ ಬೋರ್ಡು ಮೇಲೇರಿದೆ, ಅಕ್ಷರ ದುಂಡಗಿವೆ. ಇಷ್ಟೆಲ್ಲ ಆಗಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊತ್ತಾಗಿ ಮೇಡಂ ಸಿಟ್ಟಾಗಿದ್ದರು. ಬೋರ್ಡು ಓದುವುದು ಪೂರ್ತಿ ಮರೆತೇ ಹೋಗಿತ್ತು, ಒಂದು ದಿನದ ಅಭ್ಯಾಸ ಹಾಳಾಯಿತು.

ಜನವರಿ 11, ಭಾನುವಾರ, ಕಮಲಾಪುರ

ಮದುವೆ ಆಯಿತು. ಬೀಗರ ಮನೆಯ ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ಬೆಳಕಿದೆ.

ಹಾಲ್ ತುಂಬಿತ್ತು. ಪಂಚಶೀಲಾ ಬಿಳಿ ಸೀರೆಯಲ್ಲಿ, ಅಳಿಯ ಪ್ರೇಮಕುಮಾರ ಬಿಳಿ ಜುಬ್ಬದಲ್ಲಿ. ಮೇಣದಬತ್ತಿ ಹಚ್ಚಿದರು. ನಾನು ಮೈಕು ಹಿಡಿದೆ, ಇನ್ನೊಂದು ಕೈಯ ಬೆರಳನ್ನು ಬಾಯಿಯ ಮೂಲೆಗೆ ಒತ್ತಿದೆ. ಗೌತಮ ಹಿಂದೆ ನಿಂತಿದ್ದ. ಮೊದಲನೆಯ ಬ ಸ್ಪೀಕರಿನಲ್ಲಿ ಸುಸ್ ಎಂದು ಹೋಯಿತು. ಮಕ್ಕಳು ನಕ್ಕರು. ಮಾಪಣ್ಣ ಗೌತಮನ ಮುಖ ನೋಡಿದ್ದನ್ನು ನಾನು ನೋಡಿದೆ. ಒಂದು ಕ್ಷಣ ಮೈಕನ್ನು ಹಿಂದೆ ಚಾಚಿಬಿಡೋಣ ಎನಿಸಿತು.

ಚಾಚಲಿಲ್ಲ. ಅದೇ ತುಂಡನ್ನು ಮತ್ತೆ ಹೇಳಿ ನಿಂತೆ. ಪಂಚಶೀಲಾ ಅಷ್ಟನ್ನೇ ಹೇಳಿ ಅಲ್ಲೇ ನಿಂತು ನನಗಾಗಿ ಕಾದಳು. ಪ್ರೇಮಕುಮಾರ ಅವಳನ್ನು ನೋಡಿ ಹಾಗೇ ಮಾಡಿದ. ಮುಂದಿನ ತುಂಡು ಹೇಳಿದೆ, ಸಭೆ ಹೇಳಿತು. ಮತ್ತೊಂದು ಹೇಳಿದೆ. ತುಟಿ ಸೋತಾಗ ಉಸಿರು ತೆಗೆದುಕೊಂಡೆ, ಸಭೆಯೂ ತೆಗೆದುಕೊಂಡಿತು. ಅಡುಗೆಯವರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ನಡುವೆ ಎಲ್ಲೋ ಸಭೆಯ ದನಿ ತೀರ ದೊಡ್ಡದಾಯಿತು. ಮೈಕಿನವನು ಸೌಂಡ್ ಏರಿಸಿದ್ದಾನೆಂದು ಅವನತ್ತ ಕಣ್ಣು ಬಿಟ್ಟೆ. ಅವನೂ ಕೈಮುಗಿದು ಹೇಳುತ್ತ ನಿಂತಿದ್ದ. ಕೊನೆಯವರೆಗೂ ನಾನೇ ಹೇಳಿಸಿದೆ. ಹೂವು ಬಿದ್ದವು. ಮಗಳು ಕಾಲಿಗೆರಗಿದಾಗ ನನಗೆ ಹರಸಲು ಬಾಯಿ ಬರಲಿಲ್ಲ. ಅದು ತುಟಿಯ ತಪ್ಪಲ್ಲ.

ಊಟದ ಹೊತ್ತಿಗೆ ಗುಂಡಮ್ಮತ್ತೆಯ ಪಕ್ಕ ಕೂತೆ. ಹೋಳಿಗೆಯನ್ನು ಹಾಲಿನಲ್ಲಿ ಮುಳುಗಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದಳು. "ಭಾಳ ಹೊತ್ತು ಹಿಡೀತು, ಅತ್ತಿ. ಬ್ಯಾಸರಾತೇನು?" ಎಂದೆ.

"ಬ್ಯಾಸರಾ?" ಎಂದಳು. "ಯಪ್ಪಾ, ನಿನ್ನವು ಎಷ್ಟು ಮದುವಿ ನೋಡೀನಿ. ನೀ ಸುರು ಮಾಡಿದ್ರ ಬಸ್ ಬಿಟ್ಟಂಗ. ನಾವು ಮುದುಕ್ಯಾರು ಹಿಂದ ಓಡೋದು. ಒಂದು ಮಾತು ಸಿಕ್ರ ನಾಕು ಹೋಗ್ತಿದ್ದವು. ಆಮ್ಯಾಲ ಬರೇ ತುಟಿ ಅಲ್ಲಾಡಸ್ಕೋತ ಕೂಡ್ತಿದ್ದಿವಿ. ಇವತ್ತ ನೀ ನಿಂತು ನಿಂತು ಕರಕೊಂಡು ಹೋದಿ. ಸುರುವಿಂದ ಕಡೀತನ ಎಲ್ಲ ನಾನೇ ನನ್ನ ಬಾಯಿಲೆ ಹೇಳೀನಿ ನೋಡು. ಇಷ್ಟು ವರ್ಷದಾಗ ಇವತ್ತೇ."

ಅವಳು ಹಾಲಿನಿಂದ ಹೋಳಿಗೆ ತೆಗೆದು ಬಾಯಿಗಿಟ್ಟುಕೊಂಡು, ನುಂಗಿ, ಮತ್ತೆ ನನ್ನ ಕಡೆ ತಿರುಗಿದಳು.

"ನಾ ಸತ್ತು ಹೋದಾಗೂ ಹಿಂಗೇ ಹೇಳು. ನನ್ನ ವಾರಗಿ ಮುದುಕ್ಯಾರು ಬಂದಿರ್ತಾರ, ಅವರಿಗೂ ಹೇಳ್ಲಿಕ್ಕ ಬರಬೇಕು. ಬಾಯಿ ನೆಟ್ಟಗಾತಂತ ಮತ್ತ ಓಡಬ್ಯಾಡ."

"ಆಯ್ತು ಅತ್ತಿ" ಎಂದೆ.

ಬೇಸಿಗೆಯ ಹೊತ್ತಿಗೆ ತುಟಿ ಪೂರ್ತಿ ಬರುತ್ತದೆ ಎಂದು ಮೇಡಂ ಹೇಳಿದ್ದಾರೆ. ಬಂದ ಮೇಲೆ ಅದನ್ನು ಓಡದ ಹಾಗೆ ಹಿಡಿದು ನಿಲ್ಲಿಸುವುದು ಇದಕ್ಕಿಂತ ಕಷ್ಟ, ನನ್ನ ಸ್ವಭಾವ ನನಗೆ ಗೊತ್ತು. ಅದನ್ನೂ ಕಲಿಯಬೇಕು. ಅತ್ತೆಗೆ ಬಹಳ ವಯಸ್ಸಾಗಿದೆ, ಹೆಚ್ಚು ಸಮಯವಿಲ್ಲ. ನಾಳೆ ಬೆಳಿಗ್ಗೆಯೇ ಶುರು ಮಾಡುತ್ತೇನೆ.